ಗೌಸು ಚಾಚಾನ ಜಿಮ್ಮಾ

ಬೀದರದ ಶಹಾಗಂಜ್ ದರವಾಜದ ಟಾಂಗಾ ಅಡ್ಡೆಯಲ್ಲಿ ಗೌಸೋದ್ದೀನನಷ್ಟು ಬೈಸಿಕೊಂಡವನೂ ಇರಲಿಲ್ಲ, ಅವನಷ್ಟು ಬೇಡಿಕೆ ಇದ್ದವನೂ ಇರಲಿಲ್ಲ. ಬೈಗುಳ ಯಾಕೆಂದರೆ ಅವನ ಟಾಂಗಾ ಆಮೆಯ ತಮ್ಮ. ಕುದುರೆಯ ಮೈಗೆ ಚಾಬೂಕು ಮುಟ್ಟಿಸಲು ಆ ಮನುಷ್ಯನಿಗೆ ಕೈಯೇ ಬರುತ್ತಿರಲಿಲ್ಲ. ಚಾಬೂಕೇನೋ ಇತ್ತು, ಕೆಂಪು ಗೊಂಡೆ ಕಟ್ಟಿ ಪಕ್ಕಕ್ಕೆ ಸಿಗಿಸಿದ್ದ, ಶೋಭೆಗೆ. ಏರು ಬಂದರೆ ತಾನೂ ಇಳಿಯುತ್ತಿದ್ದ, ಕೂತ ಗಂಡಸರನ್ನೂ ಇಳಿಸುತ್ತಿದ್ದ. "ನಾವ ನಡಿಯೋದಾದ್ರ ನಿನ್ನ ಟಾಂಗಾ ಯಾಕ ಬೇಕೋ ಗೌಸು?" ಎಂದು ಯಾರಾದರೂ ರೇಗಿದರೆ, "ನಿಮ್ಮ ಗಂಟು ಕುಂತದಲ್ರಿ, ಅದಕ್ಕ" ಎನ್ನುತ್ತಿದ್ದ.

ಅಂಥವನನ್ನು ಊರು ಯಾಕೆ ಹುಡುಕಿಕೊಂಡು ಬರುತ್ತಿತ್ತು? ಮನೆಯ ಹೆಣ್ಣುಮಗಳನ್ನು ಗಂಡಸರ ಜೊತೆಯಿಲ್ಲದೆ ಎಲ್ಲಿಗಾದರೂ ಕಳಿಸಬೇಕಾಗಿ ಬಂದರೆ, ಬ್ರಾಹ್ಮಣರಿರಲಿ, ಲಿಂಗಾಯತರಿರಲಿ, ಜಾಗೀರದಾರರಿರಲಿ, "ಗೌಸು ಇದ್ದಾನೇನು ನೋಡ್ರಿ" ಎನ್ನುತ್ತಿದ್ದರು. ಅವನು ಇಲ್ಲದಿದ್ದರೆ ಪ್ರಯಾಣವೇ ನಾಳೆಗೆ ಹೋಗುತ್ತಿತ್ತು.

ಬೀದರದಿಂದ ಭಾಲ್ಕಿಗಾಗಲಿ ಔರಾದಿಗಾಗಲಿ ಆ ಕಾಲದಲ್ಲಿ ಒಂದೇ ಕುದುರೆ ಪೂರಾ ದಾರಿ ಎಳೆಯುತ್ತಿರಲಿಲ್ಲ. ಭಾಲ್ಕಿಗೆ ಹೋಗುವವರು ಹಲಬರ್ಗಾದಲ್ಲಿ, ಔರಾದಿಗೆ ಹೋಗುವವರು ಸಂತಪುರದಲ್ಲಿ ಟಾಂಗಾ ಬದಲಿಸಬೇಕು. ಗಂಡಸರಾದರೆ ಇಳಿದರು, ಹತ್ತಿದರು, ಮುಗಿಯಿತು. ಹೆಣ್ಣುಮಕ್ಕಳಾದರೆ ಅದಕ್ಕೊಂದು ರಿವಾಜು. ಒಪ್ಪಿಸುವ ಟಾಂಗಾದವನು ಎದುರಿನ ಟಾಂಗಾದ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು "ಅಮಾನತ್", ಅಂದರೆ ನಂಬಿ ಒಪ್ಪಿಸಿದ್ದು, ಅನ್ನಬೇಕು. ಒಪ್ಪಿಸಿಕೊಳ್ಳುವವನು ತನ್ನ ಎದೆಯ ಮೇಲೆ ಕೈಯಿಟ್ಟು "ಜಿಮ್ಮಾ", ಅಂದರೆ ನನ್ನ ಹೊಣೆ, ಅನ್ನಬೇಕು. ಅಷ್ಟು ಅಂದ ಮೇಲೆ ಆ ಹೆಣ್ಣುಮಗಳು ಅವನ ತಾಯಿ, ಅವನ ಮಗಳು. ಅವಳು ಮನೆಯ ಹೊಸ್ತಿಲು ದಾಟಿ, ಒಳಗಿನವರು "ಬಂದ್ಳು" ಅನ್ನುವತನಕ ಅವನು ನೀರು ಕುಡಿಯಲಿಕ್ಕೂ ಇಳಿಯುತ್ತಿರಲಿಲ್ಲ. ಹಾಗೆ ಒಪ್ಪಿಸಿದವನು ಮತ್ತೆ ಹಿಂದೆ ಬರಬಾರದು. ಒಬ್ಬ ಟಾಂಗಾದವನು ಇನ್ನೊಬ್ಬನ ಟಾಂಗಾದಲ್ಲಿ ಕಾವಲಿಗೆ ಹತ್ತಿ ಕೂತರೆ, ಅವನ ತಾಯಿಗೆ ಬೈದಂತೆ ಎಂಬ ಲೆಕ್ಕ.

ಈ ರಿವಾಜನ್ನು ಗೌಸೋದ್ದೀನನಿಗೆ ಕಲಿಸಿದವನು ಭಾಲ್ಕಿಯ ಖಾಸಿಂ ಅಲಿ, ಅವನ ಉಸ್ತಾದ. ಲಗಾಮು ಹಿಡಿಯುವುದನ್ನು ಕಲಿಸುವ ಮೊದಲೇ ಖಾಸಿಂ ಅಲಿ ಈ ಎರಡು ಮಾತು ಹೇಳಿಸಿದ್ದನಂತೆ. "ಕುದುರಿ ಓಡಸೋದು ಯಾರಿಗೂ ಬರ್ತದ. ಇದು ಬರಬೇಕು ನೋಡು" ಅಂದಿದ್ದನಂತೆ.

ಒಮ್ಮೆ ಮಾತ್ರ ಹೆಂಗಸೊಬ್ಬಳು ತಾನೇ ಆ ಮಾತು ಹೇಳಿದ್ದಳು. ಭಾಲ್ಕಿಯ ಕಸ್ತೂರಿಬಾಯಿ ಗಂಡ ಸತ್ತವಳು, ಇದ್ದವಳು ಒಬ್ಬಳೇ ಮಗಳು ಅನುಸೂಯಾ. ಅವಳನ್ನು ಬೀದರದ ಕಚೇರಿಯ ಗುಮಾಸ್ತ ಶಿವರಾಜಪ್ಪನಿಗೆ ಕೊಟ್ಟಿದ್ದರು. ಮದುವೆಯಾಗಿ ಮೊದಲ ಸಲ ಗಂಡನ ಮನೆಗೆ ಹೊರಟಾಗ, ಮದುಮಗಳು ನಡುದಾರಿಯಲ್ಲಿ ಟಾಂಗಾ ಬದಲಿಸಬಾರದೆಂದು ಹಿಂದಿನ ದಿನವೇ ಬಂದು ಕುದುರೆಗೆ ದಣಿವಾರಿಸಿದ್ದ ಗೌಸೋದ್ದೀನನ ಟಾಂಗಾ ಬಾಗಿಲಿಗೆ ಬಂದು ನಿಂತಿತ್ತು. ಕಸ್ತೂರಿಬಾಯಿ ಅಂಗಳಕ್ಕೆ ಇಳಿದವಳೇ, ನೆರೆದವರೆಲ್ಲ ನೋಡುತ್ತಿರುವಂತೆ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು "ಗೌಸು, ಅಮಾನತ್" ಅಂದಳು. ಹೆಂಗಸು ಹೀಗೆ ಅನ್ನಬಹುದೋ ಬಾರದೋ ಅಂತ ಯಾರಿಗೂ ಗೊತ್ತಿರಲಿಲ್ಲ. ಗೌಸೋದ್ದೀನ ಮಾತ್ರ ಎದೆಯ ಮೇಲೆ ಕೈಯಿಟ್ಟು "ಜಿಮ್ಮಾ, ಯವ್ವಾ" ಅಂದ. ಅಂದಿನಿಂದ ಅನುಸೂಯಾಗೆ ಅವನು ಗೌಸು ಚಾಚಾ ಆದ.

ಆಮೇಲೆ ಬಂತು ನೋಡಿ ಆ ನವೆಂಬರು. ಹೈದರಾಬಾದ ರಾಜ್ಯದಲ್ಲಿ ಮಲಗಿದ ಊರು ಮೈಸೂರು ರಾಜ್ಯದಲ್ಲಿ ಎದ್ದು ಕೂತಿತು. ಸಾಲಿಯ ಮಕ್ಕಳಿಗೆ ಪೇಢೆ ಹಂಚಿದರು, ಊರ ನಡುವಿನ ಚೌಬಾರ ಗೋಪುರದ ಹತ್ತಿರ ಭಾಷಣವಾಯಿತು. ಕನ್ನಡಿಗರೆಲ್ಲ ಒಂದಾದೆವು ಅಂದರು. ಅಡ್ಡೆಯ ಟಾಂಗಾದವರು ಭಾಷಣ ಕೇಳಿ ಬಂದು ಕೂತಾಗ ಗೌಸೋದ್ದೀನ ಕೇಳಿದ ಪ್ರಶ್ನೆ ಒಂದೇ. "ಮೈಸೂರಿಗಿ ಹೋಗಬೇಕಂದ್ರ ಟಾಂಗಾ ಎಷ್ಟ ಕಡಿ ಬದಲಿ ಮಾಡಬೇಕ್ರಿ?" ಎಲ್ಲರೂ ನಕ್ಕರು. ನಗುವ ಮಾತೇನೂ ಆಗಿರಲಿಲ್ಲ ಅದು.

ಮರುವರ್ಷವೇ ಶಿವರಾಜಪ್ಪನಿಗೆ ಬೆಂಗಳೂರಿಗೆ ವರ್ಗವಾಯಿತು. ಅದೇ ಬೇಸಿಗೆಯಲ್ಲಿ ಗೌಸೋದ್ದೀನನ ಕುದುರೆ ಸತ್ತಿತು. ಬಸ್ಸುಗಳು ಹೆಚ್ಚಿದ್ದವು, ಹೊಸ ಕುದುರೆ ಕೊಂಡರೆ ಅದರ ಹುಲ್ಲಿನ ಖರ್ಚೂ ಹುಟ್ಟುತ್ತಿರಲಿಲ್ಲ. ಅನುಸೂಯಾ ಹಟ ಹಿಡಿದಳು, "ಪರಮುಲ್ಕದಾಗ ನಾ ಒಬ್ಬಾಕಿ ಹ್ಯಾಂಗ ಇರ್ಲಿ? ಚಾಚಾನೂ ಬರ್ಲಿ." ಗೌಸೋದ್ದೀನನ ಹೆಂಡತಿ ವಜೀರಬೀ, ಮಕ್ಕಳಿಲ್ಲದ ಮನೆಯ ಬಾಗಿಲಲ್ಲಿ ನಿಂತು, "ಹೋಗು, ಎರಡು ವರ್ಷ ಇದ್ದು ಬಾ. ಇಲ್ಲಿ ಕುಂತು ಖಾಲಿ ಟಾಂಗಾ ನೋಡ್ಕೋತ ನೀನೂ ಸಾಯ್ತಿ" ಅಂದಳು. ಹೀಗೆ ಚಪರಾಸಿಯ ಕೆಲಸವೊಂದು ಸಿಕ್ಕಿ ಅವನೂ ರೈಲು ಹತ್ತಿದ.

ಬೆಂಗಳೂರು ಬೇರೆ ದೇಶವೇ ಆಗಿತ್ತು. ಸಮುದ್ರ ದಾಟಿದರೆ ಮಾತ್ರ ಪರದೇಶ ಅನ್ನುವವರು ಆ ವರ್ಷ ಬೀದರದಿಂದ ಅಲ್ಲಿಗೆ ಹೋಗಿ ನೋಡಬೇಕಿತ್ತು. ಶಿವರಾಜಪ್ಪ ಓದಿದ್ದೆಲ್ಲ ಉರ್ದುವಿನಲ್ಲಿ. ಮನೆಮಾತಿನ ರಾಜ್ಯಕ್ಕೆ ಬಂದು ಮನೆಮಾತಿನ ಬೋರ್ಡು ಓದಲಾಗದೆ ಬೀದಿಯಲ್ಲಿ ಕಣ್ಣು ಕಟ್ಟಿದಂತೆ ನಿಲ್ಲುತ್ತಿದ್ದ. ಅನುಸೂಯಾ ಬಾಯಿ ತೆರೆದರೆ ಅಕ್ಕಪಕ್ಕದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. "ನೀವು ಮರಾಠಿಯವರಾ?" ಎಂದು ಕೇಳುತ್ತಿದ್ದರು. "ಇಲ್ರಿ, ನಾವೂ ಕನ್ನಡದವ್ರ ಇದ್ದೇವ್ರಿ" ಅಂದರೆ ಇನ್ನಷ್ಟು ನಗು. ಆಮೇಲಾಮೇಲೆ ಅವಳು ಮಾತನ್ನೇ ಕಡಿಮೆ ಮಾಡಿದಳು.

ಇಂಥ ಜನ ಕಂಡರೆ ಟ್ಯಾಕ್ಸಿಯವರಿಗೆ ಹಬ್ಬ. ಎಲ್ಲರೂ ಅಂಥವರೇ ಅಂತ ನಾನು ಹೇಳುವುದಿಲ್ಲ. ಶಿವರಾಜಪ್ಪನ ಪಾಲಿಗೆ ಬಂದವರು ಮಾತ್ರ ಒಬ್ಬರಿಗಿಂತ ಒಬ್ಬರು ಪುಣ್ಯಾತ್ಮರು. ಒಬ್ಬ ನಡುದಾರಿಯಲ್ಲಿ ಪೆಟ್ರೋಲು ಮುಗಿಯಿತೆಂದು ಇಳಿಸಿದ. ಇವರು ತಿರುವು ದಾಟುವುದರೊಳಗೆ ಅದೇ ಗಾಡಿ ಬೇರೆಯವರನ್ನು ಹತ್ತಿಸಿಕೊಂಡು ಪಕ್ಕದಲ್ಲೇ ಹಾದುಹೋಯಿತು. ಇನ್ನೊಬ್ಬ ಅರಿವೆಗಂಟಿಗೂ ಒಂದು ಸೀಟಿನ ಬಾಡಿಗೆ ಕೇಳಿದ. ಮತ್ತೊಬ್ಬ ಪೇಟೆಯ ಸುತ್ತ ಗಾಣದೆತ್ತು ತಿರುಗಿಸಿದ ಹಾಗೆ ತಿರುಗಿಸಿದ. ಶಿವರಾಜಪ್ಪ ಬೋರ್ಡು ನೋಡುತ್ತ ಸುಮ್ಮನೆ ಕೂತಿದ್ದ. ಗೌಸೋದ್ದೀನ ಮುಂದಿನ ಸೀಟಿನಿಂದ, "ಗಾಡಿ ನಿಂದರ್ಸು" ಅಂದ. ಕನ್ನಡಕದ ಅಂಗಡಿಯ ಮೇಲೆ ಬರೆದಿದ್ದ ದೊಡ್ಡ ಎರಡು ಕಣ್ಣು ತೋರಿಸಿ, "ಈ ಕಣ್ಣ ನಮಗ ಮೂರ ಸಲ ನೋಡ್ಯಾವ. ನೀ ನೋಡಿಲ್ಲೇನು?" ಎಂದು ಕೇಳಿದ.

"ಕನ್ನಡಕದಂಗಡಿ ಬೆಂಗಳೂರಲ್ಲಿ ಬೇಕಾದಷ್ಟಿದಾವೆ ಸಾಬ್ರೇ. ಯಾವ ದೇಶ ನಿಮ್ದು?"

"ನಿಂದ ದೇಶ. ಹ್ವಾದ ವರ್ಷದಿಂದ" ಅಂದ ಗೌಸೋದ್ದೀನ.

ಅಂದಿನಿಂದ ಗಾಡಿ ಮಾತಾಡಿಸುವ ಕೆಲಸವೆಲ್ಲ ಅವನ ಕೊರಳಿಗೆ ಬಿತ್ತು. ಅವನ ಸಿಟ್ಟು ಬಾಡಿಗೆಯ ಮೇಲಲ್ಲ. ಹೆಚ್ಚು ಕೇಳುವುದು ಧಂದೆ, ಬೀದರದಲ್ಲೂ ಕೇಳುತ್ತಾರೆ. ಅವನ ಮೈಯೆಲ್ಲ ಉರಿಯುತ್ತಿದ್ದದ್ದು ಒಂದೇ ಮಾತಿಗೆ. ಯಾವ ಬೀದಿಯ ಹೆಸರು ಹೇಳಿದರೂ ಈ ಜನ "ಗೊತ್ತು ಬನ್ನಿ, ಗೊತ್ತು ಬನ್ನಿ" ಅನ್ನುತ್ತಿದ್ದರು. ಗೊತ್ತಿಲ್ಲದೆ ಗೊತ್ತು ಅನ್ನುವವನು ಗಾಡಿ ಹೊಡೆಯಬಾರದು ಎಂಬುದು ಅವನ ಹಟ. ಅದನ್ನು ಅವನು ರಸ್ತೆಯ ನಡುವೆ ನಿಂತು ಜೋರಾಗಿ ಹೇಳುತ್ತಿದ್ದ, ಅವರು ಹಾರ್ನು ಹೊಡೆಯುತ್ತಿದ್ದರು.

ಅವನಿಗೆ ಅಲ್ಲಿ ಸಮಾಧಾನ ಕೊಟ್ಟದ್ದು ಕುದುರೆಯ ಲದ್ದಿಯ ವಾಸನೆ. ಅಯ್ಯುಬ ಎಂಬ ಬೆಂಗಳೂರಿನ ಜಟಕಾದವನೊಬ್ಬ ತನ್ನ ಲಾಯದ ಮಗ್ಗುಲಲ್ಲಿ ಅವನಿಗೊಂದು ಮೂಲೆ ಕೊಟ್ಟಿದ್ದ. ಅಯ್ಯುಬ ಬಾಯಿಬಡುಕ, ಸುಳ್ಳು ಹೇಳುವುದೂ ಇತ್ತು, ಆದರೆ ಹೊಟ್ಟೆಯಲ್ಲಿ ವಿಷವಿರಲಿಲ್ಲ. ಗೌಸೋದ್ದೀನ ಅಮಾನತ್, ಜಿಮ್ಮಾ ಎಂದೆಲ್ಲ ಹೇಳಿದರೆ ಅವನು ಬೀಡಿ ಹಚ್ಚಿಕೊಂಡು, "ಚಾಚಾ, ಅದು ನಿಮ್ಮೂರಲ್ಲಿ. ಇಲ್ಲಿ ಹಾಗೆ ಅಂದರೆ ಪೋಸ್ಟಾಫೀಸಿಗೆ ಹೋಗಿ ಠೇವಣಿ ಇಡು ಅಂತಾರೆ" ಎಂದು ನಗುತ್ತಿದ್ದ.

ಮರುವರ್ಷ ಅನುಸೂಯಾ ಬಸುರಿಯಾದಳು. ಮೊದಲನೆಯದು ಬೀದರದಲ್ಲಿದ್ದಾಗಲೇ ಹೊಟ್ಟೆಯಲ್ಲೇ ಹೋಗಿತ್ತು. ಈ ಸಲ ಭಾಲ್ಕಿಗೆ, ತಾಯಿಯ ಮನೆಗೆ ಹೋಗಿ ಹಡೆಯಬೇಕೆಂದು ಆಸೆ ಇಟ್ಟುಕೊಂಡಿದ್ದಳು. ಡಾಕ್ಟರಮ್ಮ ಕೈಯಾಡಿಸಿ ನೋಡಿ, ರೈಲು ಹತ್ತಲೇಕೂಡದು ಅಂದಳು. ಅನುಸೂಯಾಗೆ ಊಟ ಸೇರಲಿಲ್ಲ. ಅವ್ವ ಇಲ್ಲದೆ ಈ ಕೂಸೂ ಉಳಿಯುವುದಿಲ್ಲ ಅನ್ನುವುದು ಅವಳ ತಲೆಯೊಳಗೆ ಹೊಕ್ಕು ಕೂತುಬಿಟ್ಟಿತು. ಮಗಳು ಬರಲಾಗದಿದ್ದರೆ ತಾಯಿಯೇ ಬರಬೇಕು. ಕಸ್ತೂರಿಬಾಯಿ ಭಾಲ್ಕಿ ಬಿಟ್ಟು ಬೀದರದಾಚೆ ಒಂದು ಹೆಜ್ಜೆ ಇಟ್ಟವಳಲ್ಲ. ಮೈಸೂರಿಗೆ ಹೊರಟಿದ್ದ ವ್ಯಾಪಾರಿಯೊಬ್ಬನ ಜೊತೆ ಮಾಡಿಕೊಂಡು, ತವರಿನ ತೊಟ್ಟಿಲನ್ನು ರೈಲಿನ ಸಾಮಾನಿಗೆ ಹಾಕಿ ಅವಳು ಹೊರಟೇಬಿಟ್ಟಳು.

ಅವಳು ಬರುವ ದಿನ ಬೆಳಿಗ್ಗೆ ಅನುಸೂಯಾ ಬಾಗಿಲತನಕ ಬಂದಳು. ಕಾಲು ಬಾತಿದ್ದವು. "ಚಾಚಾ, ಅವ್ವನ್ನ ನೀನ ಕರ್ಕೊಂಡು ಬಾ. ಮತ್ತ ಯಾರ ಮ್ಯಾಲೂ ನನಗ ಭರೋಸಾ ಇಲ್ಲ."

"ನಾ ಇದ್ದೇನಲ ತಾಯಿ" ಅಂದ ಗೌಸೋದ್ದೀನ.

ಅಯ್ಯುಬನ ಜಟಕಾ ತೆಗೆದುಕೊಂಡು ಹೋಗಬಹುದಿತ್ತು. ಶಿವರಾಜಪ್ಪ ಒಪ್ಪಲಿಲ್ಲ. ಅತ್ತೆ ಮೊದಲ ಸಲ ಬರುತ್ತಿದ್ದಾಳೆ, ಅಳಿಯ ಬೆಂಗಳೂರಿನಲ್ಲಿ ಏನಾಗಿದ್ದಾನೆ ಎಂದು ತಿಳಿಯಬೇಕಲ್ಲ! "ಜಟಕಾ ಬ್ಯಾಡ, ಮೋಟಾರದಾಗ ಕರ್ಕೊಂಡು ಬಾ. ಅವ್ರು ಭಾಲ್ಕಿಗಿ ಹೋಗಿ ಹೇಳಬೇಕು" ಅಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇದಕ್ಕೇ.

ರೈಲು ಬಂತು. ಕಸ್ತೂರಿಬಾಯಿ ಎದೆಗೊಂದು ದೊಡ್ಡ ಗಂಟು ಅಪ್ಪಿಕೊಂಡು ಇಳಿದಳು. ಹಣೆಯ ತುಂಬ ವಿಭೂತಿ, ಕಣ್ಣು ಒಳಗೆ ಹೋಗಿದ್ದವು. ಎರಡು ಕಡೆ ರೈಲು ಬದಲಿಸಿ, ದಾರಿಯಲ್ಲಿ ಯಾರ ಕೈಯ ಊಟವನ್ನೂ ಮುಟ್ಟದೆ ಬಂದಿದ್ದಳು. ಗೌಸೋದ್ದೀನನನ್ನು ಕಂಡದ್ದೇ ನೆಲಕ್ಕೆ ಕುಸಿದು ಕೂತು, "ನೀ ಕಂಡಿ, ಜೀವ ಬಂತು" ಅಂದಳು. ವ್ಯಾಪಾರಿ ತೊಟ್ಟಿಲಿನ ರಸೀದಿ ಗೌಸೋದ್ದೀನನ ಕೈಗಿಟ್ಟು ತನ್ನ ಗಾಡಿ ಹಿಡಿಯಲು ಓಡಿದ.

ನಿಲ್ದಾಣದ ಹೊರಗೆ ಬಿಸಿಲು ಕುದಿಯುತ್ತಿತ್ತು. ಮುದುಕಿಯನ್ನು ಎಲ್ಲಿ ಕೂಡಿಸಿ ತೊಟ್ಟಿಲು ಬಿಡಿಸಿಕೊಂಡು ಬರಲಿ ಎಂದು ಅವನು ಅತ್ತಿತ್ತ ನೋಡುತ್ತ, "ತಡಿ ಯವ್ವಾ, ನೆರಳ ನೋಡ್ತೇನಿ" ಅಂದದ್ದು ಯಾರದೋ ಕಿವಿಗೆ ಬಿತ್ತು.

"ಚಾಚಾ, ಬೀದರ ಕಡಿಯವ್ರೇನ್ರಿ?"

ಗೌಸೋದ್ದೀನ ತಿರುಗಿದ. ಖಾಕಿ ಕೋಟಿನ ತೆಳ್ಳನೆಯ ಮನುಷ್ಯ, ಟ್ಯಾಕ್ಸಿಯ ಬಾಗಿಲು ಹಿಡಿದು ನಿಂತಿದ್ದ. ಆ ಒಂದು ಮಾತು ಕೇಳಿ ಗೌಸೋದ್ದೀನನಿಗೆ ಆದ ಸಂತೋಷವನ್ನು ಹೇಗೆ ಹೇಳಲಿ! ಬಂದಾಗಿನಿಂದ ಈ ಊರಿನಲ್ಲಿ ಮನೆಯವರ ಹೊರತು ಯಾರೂ ಅವನನ್ನು ಆ ರಾಗದಲ್ಲಿ ಮಾತಾಡಿಸಿರಲಿಲ್ಲ.

"ಹೌದಪಾ! ನೀ ಎಲ್ಲಿಯವ?"

"ಠಾಣಾ ಕುಶನೂರ್ರಿ, ಔರಾದ ತಾಲೂಕು. ಬಕ್ಕಪ್ಪ ಅಂತಾರ್ರಿ ನನಗ. ನಮ್ಮ ಕಾಕಾ ಸಂತಪುರದಾಗ ಟಾಂಗಾ ಹೊಡೀತಿದ್ದ್ರಿ."

ಟಾಂಗಾ! ಸಂತಪುರದ ಅಡ್ಡೆ! ಗೌಸೋದ್ದೀನ ಮತ್ತೆ ಏನೂ ಕೇಳಲಿಲ್ಲ. ಕಸ್ತೂರಿಬಾಯಿಯನ್ನು ಹಿಂದಿನ ಸೀಟಿನಲ್ಲಿ ಕೂಡಿಸಿದ, ಗಂಟನ್ನು ಮಗ್ಗುಲಿಗಿಟ್ಟ. ಮುಂದೆ ಹೋಗಿ ನಿಂತ. ಕುದುರೆಯಿಲ್ಲ, ಕುತ್ತಿಗೆಯಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟ. ಕಾದ ಹಂಚು ಮುಟ್ಟಿದಂತೆ ಅಂಗೈ ಸುಟ್ಟಿತು, ತೆಗೆಯಲಿಲ್ಲ.

"ಅಮಾನತ್" ಅಂದ.

ಬಕ್ಕಪ್ಪ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಖಾಕಿ ಕೋಟಿನ ಮೇಲೆ, ಎದೆಯ ಮೇಲೆ ಕೈಯಿಟ್ಟು "ಜಿಮ್ಮಾ, ಚಾಚಾ" ಅಂದ.

ತೊಟ್ಟಿಲು ತರುವತನಕ ಇನ್ನು ಚಿಂತೆಯಿಲ್ಲವೆಂದು ಗೌಸೋದ್ದೀನ ಹಗುರಾಗಿ ಸಾಮಾನಿನ ಕಚೇರಿಗೆ ನಡೆದ. ಅಲ್ಲಿ ತಡವಾಯಿತು. ಅವನು ಉರ್ದುವಿನಲ್ಲಿ ರುಜು ಹಾಕಿದರೆ ಗುಮಾಸ್ತ ಇದು ನಡೆಯುವುದಿಲ್ಲ ಅಂದ, ಹೆಬ್ಬೆಟ್ಟು ಒತ್ತು ಅಂದ. ಓದುಬರಹ ಬಲ್ಲವನು ಹೆಬ್ಬೆಟ್ಟು ಒತ್ತಿ ತೊಟ್ಟಿಲು ಹೊತ್ತುಕೊಂಡು ಹೊರಗೆ ಬಂದ. ಟ್ಯಾಕ್ಸಿ ಇರಲಿಲ್ಲ.

ಪೊಲೀಸರು ಸರಿಸಿರಬೇಕು ಅಂದುಕೊಂಡ. ಅಲ್ಲೇ ಗೋಡೆಯ ನೆರಳಿನಲ್ಲಿ ತೊಟ್ಟಿಲು ಇಳಿಸಿ ಕೂತ. ಉಳಿದ ಟ್ಯಾಕ್ಸಿಯವರು, "ಏನ್ ಸಾಬ್ರೇ, ಯಾರನ್ನ ತೂಗ್ತೀರಿ ಇದ್ರಲ್ಲಿ?" ಎಂದು ತಮಾಷೆ ಮಾಡಿದರು. ಇವನೂ ನಕ್ಕ. ಒಬ್ಬ ವಯಸ್ಸಾದ ಡ್ರೈವರು ಹತ್ತಿರ ಬಂದು, "ಆ ಗಾಡಿ ಆಗಲೇ ಹೋಯ್ತಲ್ಲ. ಅಮ್ಮನ್ನ ಹುಡುಕು ಹೋಗಯ್ಯ" ಎಂದು ಮೆಲ್ಲಗೆ ಹೇಳಿದ.

"ಅವ ನಮ್ಮ ಮುಲುಕಿನವ ಇದ್ದಾನ್ರಿ. ಬರ್ತಾನ."

ಮತ್ತೊಂದು ರೈಲು ಬಂತು, ಜನ ಬಂದರು, ಹೋದರು. ನೆರಳು ಗೋಡೆ ಬಿಟ್ಟು ಸರಿಯಿತು. ಗೌಸೋದ್ದೀನ ಬಿಸಿಲಿನಲ್ಲೇ ಕೂತಿದ್ದ. ಎದ್ದು ಹುಡುಕಲು ಹೋದರೆ ಬಕ್ಕಪ್ಪನನ್ನು ಕಳ್ಳ ಅಂದಂತೆ. ಜಿಮ್ಮಾ ಅಂದವನ ಹಿಂದೆ ಹೋಗಬಾರದು. ಅದು ರಿವಾಜು. ಆ ರಿವಾಜನ್ನೇ ಹಿಡಿದುಕೊಂಡು, ಹುಡುಕಬೇಕಾದ ಹೊತ್ತನ್ನೆಲ್ಲ ಆ ಪುಣ್ಯಾತ್ಮ ಕೂತು ಕಳೆದ.

ಇಳಿಹೊತ್ತಿಗೆ ಅಯ್ಯುಬ ಜಟಕಾ ಹೊಡೆದುಕೊಂಡು ಬಂದ. ಅನುಸೂಯಾ ಕಳಿಸಿದ್ದಳು. "ಅಮ್ಮ ಎಲ್ಲಿ ಚಾಚಾ?" ಎಂದು ಕೇಳಿದ. ಗೌಸೋದ್ದೀನ ಬಕ್ಕಪ್ಪನ ವಿಷಯ ಹೇಳಿದ, ಬರುತ್ತಾನೆ ಅಂದ. ಅಯ್ಯುಬ ನಗಲಿಲ್ಲ. ಯಾವಾಗಲೂ ನಗುವವನು ನಗದೇ ಇದ್ದುದನ್ನು ನೋಡಿ ಗೌಸೋದ್ದೀನನಿಗೆ ತಿಳಿಯಿತು. "ಯಾ ಅಲ್ಲಾ" ಎಂದು ಎದ್ದು ತೊಟ್ಟಿಲನ್ನು ಜಟಕಾದ ಮೇಲೆ ಎತ್ತಿ ಹಾಕಿದ. ಒಂದು ಮುದುಕಿ, ತನ್ನ ಮಾತು ಯಾರಿಗೂ ತಿಳಿಯದ ಊರಿನಲ್ಲಿ, ಬೀದಿಯ ಹೆಸರೂ ಗೊತ್ತಿಲ್ಲದೆ! ಮನೆಯಲ್ಲಿ ಮಗಳು ಕಾಲು ಬಾತು ಕಾಯುತ್ತಿದ್ದಾಳೆ.

ಅಯ್ಯುಬ ಕುದುರೆಯನ್ನು ಓಡಿಸಿದ. ಎದುರಿಗೆ ಬಂದ ಪ್ರತಿ ಜಟಕಾದವನನ್ನೂ ನಿಲ್ಲಿಸಿ ಕೇಳಿದ: ವಿಭೂತಿ ಹಚ್ಚಿದ ಮುದುಕಿ, ಬೇರೆ ಥರ ಮಾತಾಡುತ್ತಾಳೆ, ಕಂಡಿರಾ? ಅವರು ಮುಂದಿನವರನ್ನು ಕೇಳಿದರು. ದೀಪ ಹಚ್ಚುವುದಕ್ಕೆ ಮೊದಲೇ ಸುದ್ದಿ ತಿರುಗಿ ಬಂತು. ಪೇಟೆಯ ಆಚೆಯ ಗಲ್ಲಿಯೊಂದರಲ್ಲಿ, ಹೂವಿನ ಅಂಗಡಿಯ ಕಟ್ಟೆಯ ಮೇಲೆ ಒಬ್ಬಾಕೆ ಮಧ್ಯಾಹ್ನದಿಂದ ಕೂತಿದ್ದಾಳೆ, ಯಾರು ಕರೆದರೂ ಏಳುತ್ತಿಲ್ಲ.

ಅವಳೇ. ಬೆನ್ನು ನೆಟ್ಟಗೆ ಮಾಡಿಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಟು ಇರಲಿಲ್ಲ. ಹೂವಿನವಳು, "ನೀರೂ ಮುಟ್ಟಲಿಲ್ಲಪ್ಪಾ. ಗೌಸು ಬರ್ತಾನೆ ಅಂತ ಒಂದೇ ಮಾತು" ಅಂದಳು.

"ಬಂದಿಯೇನೋ? ಬರ್ತಿ ಅಂತ ಗೊತ್ತಿತ್ತು" ಅಂದಳು ಕಸ್ತೂರಿಬಾಯಿ. ಗೌಸೋದ್ದೀನ ಅವಳ ಕಾಲ ಬಳಿ ಕೂತು ಅತ್ತುಬಿಟ್ಟ. ಬೀದಿಯ ಜನ ನೋಡುತ್ತಿದ್ದರು, ನೋಡಲಿ.

ಜಟಕಾದಲ್ಲಿ ಅವಳು ಆದದ್ದನ್ನು ಹೇಳಿದಳು. "ಗಾಡಿ ಹೊಂಟ ಮ್ಯಾಲ ಅವ ನನಗ, ಮಾತಾಡ್ರಿ ಯವ್ವಾ, ಏನರೆ ಮಾತಾಡ್ರಿ, ನಮ್ಮ ಮಾತ ಕೇಳಿ ಭಾಳ ದಿನಾತು ಅಂದ. ನಾ ಕುಶನೂರ ಸಂತಿ ಬಗ್ಗಿ ಹೇಳಿದೆ, ಜ್ವಾಳದ ಬಗ್ಗಿ ಹೇಳಿದೆ. ಅವ ಗಾಡಿ ಹೊಡ್ಕೋತ ಅಳಾಕತ್ತ. ಎಲ್ಲಿಗಿ ಹೋಗಬೇಕ್ರಿ ಅಂದ. ಶಿವರಾಜಪ್ಪನ ಮನಿಗಿ ಅಂದೆ. ಗೊತ್ತದ ಅಂದ. ಇಲ್ಲಿ ತಂದು, ಇದ ಮನಿರಿ, ನೀವು ಇಳದು ಕೂಡ್ರಿ, ಗಂಟು ಒಳಗ ಇಟ್ಟು ಬರ್ತೇನಿ ಅಂದ." ಖಾಲಿ ಮಡಿಲು ನೋಡಿಕೊಂಡಳು. "ಅವ ಅತ್ತದ್ದು ಖರೇ ಇತ್ತೋ ಗೌಸು. ಅದ ನನಗ ತಿಳೀವಲ್ತು."

ಗಂಟಿನಲ್ಲಿದ್ದದ್ದು ಕೂಸಿನ ಬೆಳ್ಳಿಯ ಉಡದಾರ, ಮತ್ತೆ ಕೌದಿ. ತನ್ನ ತಾಯಿಯ, ಅತ್ತೆಯ ಹಳೆಯ ಸೀರೆಗಳನ್ನು ಸೇರಿಸಿ ಅವಳು ಕೂತು ಹೊಲಿದ ಕೌದಿ. ಅದರ ಮಾತು ಬಂದಾಗ ಮಾತ್ರ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮನೆ ಹತ್ತಿರ ಬಂದಾಗ ಗೌಸೋದ್ದೀನನ ತೋಳು ಹಿಡಿದು, "ಅನುಸೂಯಾಗ ಹೇಳಬ್ಯಾಡ. ತುಂಬಿದ ಬಸುರಿ, ಎದಿ ಒಡಕೋತಾಳ. ರೈಲು ತಡ ಆತು ಅನ್ನು" ಅಂದಳು.

ಅವನು ಹಾಗೇ ಅಂದ. ಆ ಬಾಯಿಯಿಂದ ಬಂದ ಮೊದಲ ಸುಳ್ಳು ಅದೇ ಇರಬೇಕು, ಸರಿಯಾಗಿ ಹೇಳಲೂ ಬರಲಿಲ್ಲ. ಅನುಸೂಯಾ ಅವ್ವನನ್ನು ಅಪ್ಪಿಕೊಂಡು, "ಚಾಚಾ ಇದ್ದಾನಂದ್ರ ನನಗೇನ ಚಿಂತಿ ಇರ್ಲಿಲ್ಲವ್ವಾ" ಅಂದಳು. ಗೌಸೋದ್ದೀನ ತೊಟ್ಟಿಲು ಇಳಿಸಿ, ನೀರೂ ಕುಡಿಯದೆ ಹೊರಗೆ ಹೋದ.

ಹೆಣ್ಣು ಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು, ಉಳಿಯಿತು. ತೊಟ್ಟಿಲು ಕಟ್ಟಿದರು. "ಕೌದಿ ಎಲ್ಲವ್ವಾ?" ಎಂದು ಅನುಸೂಯಾ ಕೇಳಿದಾಗ ಕಸ್ತೂರಿಬಾಯಿ, ಭಾಲ್ಕಿಯಲ್ಲೇ ಮರೆತೆ ಅಂದಳು. ಶಿವರಾಜಪ್ಪ, "ಅರವತ್ತಕ್ಕ ಅರಳುಮರಳು" ಎಂದು ಅತ್ತೆಯನ್ನು ಛೇಡಿಸಿದ. ಬಾಗಿಲಲ್ಲಿ ನಿಂತಿದ್ದ ಗೌಸೋದ್ದೀನ ಅದನ್ನು ಕೇಳಿಸಿಕೊಂಡ. ತನ್ನ ತಪ್ಪನ್ನು ಆ ಮುದುಕಿ ತಲೆಯ ಮೇಲೆ ಹೊತ್ತು ನಗುತ್ತ ಕೂತಿದ್ದಾಳಲ್ಲ ಎಂದು ಅವನಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು.

ಸಿಕ್ಕ ಸಿಕ್ಕ ಹೊತ್ತಿನಲ್ಲಿ ಅವನು ನಿಲ್ದಾಣಕ್ಕೆ ಹೋಗುತ್ತಿದ್ದ. ಬಕ್ಕಪ್ಪ ಅಂದರೆ ಯಾರಿಗೂ ಗೊತ್ತಿರಲಿಲ್ಲ. ಹೆಸರೂ ಸುಳ್ಳೋ ಏನೋ. ಇಲ್ಲಿಯ ಡ್ರೈವರುಗಳು ಮೋಸ ಮಾಡಿದರೆ ಅವನು ಬೀದಿಯಲ್ಲಿ ನಿಂತು ಜಗಳಾಡಿ ಹಗುರಾಗುತ್ತಿದ್ದ. ಈ ಮೋಸಕ್ಕೆ ಜಗಳಾಡಲು ಜಾಗವೇ ಇರಲಿಲ್ಲ. ತನ್ನ ಮಾತನ್ನೇ ಕೀಲಿಕೈ ಮಾಡಿಕೊಂಡು ತನ್ನ ಬಾಗಿಲು ತೆಗೆದಿದ್ದ ಅವನು. ಬರಬರುತ್ತ ಗೌಸೋದ್ದೀನನಿಗೆ ಯಾರನ್ನು ಕಂಡರೂ ಅನುಮಾನ. ಅಯ್ಯುಬನ ಜಟಕಾದಲ್ಲಿ ಕೂತರೂ "ಈ ದಾರಿ ಯಾಕ? ಎಲ್ಲಿ ತಿರುಗಸ್ತಿ?" ಎಂದು ಕೇಳುತ್ತಿದ್ದ. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಯಾಕೆ ಚಾಚಾ?" ಎಂದು ಅಯ್ಯುಬ ನಗುತ್ತಿದ್ದ. ಆದರೆ ಮೊದಲಿನ ನಗು ಅಲ್ಲ ಅದು.

ಕೂಸಿನ ಕತ್ತು ನಿಂತ ಮೇಲೆ, ಬಾಣಂತಿಯನ್ನೂ ಕೂಸನ್ನೂ ಕರೆದುಕೊಂಡು ಕಸ್ತೂರಿಬಾಯಿ ಊರಿಗೆ ಹೊರಟಳು. ಗೌಸೋದ್ದೀನ ನಾನೇ ಬಿಟ್ಟುಬರುತ್ತೇನೆ ಅಂದ. ರೈಲಿನಲ್ಲಿ ಅವನು ಕಣ್ಣು ಮುಚ್ಚಲಿಲ್ಲ. ಯಾರಾದರೂ ಕೂಸನ್ನು ಮಾತಾಡಿಸಲು ಬಂದರೆ ಗುರುಗುಟ್ಟಿದ. ಬೀದರದ ನಿಲ್ದಾಣ ಬಂತು, ಹೋಯಿತು. ಹೆಂಡತಿ ಇರುವ ಊರು, ಇಳಿಯಲಿಲ್ಲ. ಭಾಲ್ಕಿ ಬಂದಾಗ ಬೆಳಗಿನ ಬಿಸಿಲು ಕೆಂಪು ನೆಲದ ಮೇಲೆ ಬಿದ್ದಿತ್ತು. ತೊಗರಿ ಹೂವಾಗಿತ್ತು. ಅನುಸೂಯಾ ಇಳಿದವಳೇ ಗಟ್ಟಿಯಾಗಿ, ಯಾರ ಅಂಜಿಕೆಯೂ ಇಲ್ಲದೆ, ತನ್ನ ಮಾತಿನಲ್ಲಿ ಕೂಸಿಗೆ ಊರು ತೋರಿಸತೊಡಗಿದಳು.

ನಿಲ್ದಾಣದ ಹೊರಗೆ ಒಂದೇ ಟಾಂಗಾ ನಿಂತಿತ್ತು. ಖಾಸಿಂ ಅಲಿಯದು. ಉಸ್ತಾದ ಮುಪ್ಪಾಗಿದ್ದ, ಗಡ್ಡ ಪೂರಾ ಬೆಳ್ಳಗಾಗಿತ್ತು. ಗೌಸೋದ್ದೀನನನ್ನು ತಬ್ಬಿಕೊಂಡ, ಕೂಸಿನ ತಲೆಯ ಮೇಲೆ ಕೈಯಿಟ್ಟ. ಹೆಣ್ಣುಮಕ್ಕಳನ್ನು ಪರದೆಯ ಹಿಂದೆ ಕೂಡಿಸಿ, ಕುದುರೆಯ ಮಗ್ಗುಲಿಗೆ ಬಂದು ನಿಂತು ಕಾದ. ಅಡ್ಡೆಯ ಚಹಾದ ಅಂಗಡಿಯವರೂ ನೋಡುತ್ತಿದ್ದರು. ಎಷ್ಟೋ ದಿನಗಳ ಮೇಲೆ ಗುರು ಶಿಷ್ಯರು ರಿವಾಜು ಮಾಡುವುದನ್ನು ನೋಡುವ ಖುಷಿ ಅವರಿಗೆ.

ಗೌಸೋದ್ದೀನ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟ. ಬೆಚ್ಚಗಿತ್ತು. ಅಂಗೈಗೆ ಆ ಬಾನೆಟ್ಟಿನ ಬಿಸಿ ನೆನಪಾಯಿತು. ಬಾಯಿ ತೆರೆದ, ಮಾತು ಬರಲಿಲ್ಲ. ಖಾಸಿಂ ಅಲಿಯ ಕೈ ಆಗಲೇ ಎದೆಯ ಮೇಲಿತ್ತು.

"ಅನ್ನು ಬೇಟಾ" ಅಂದ ಮುದುಕ.

ಗೌಸೋದ್ದೀನ ಕೈ ತೆಗೆದ. ಸುತ್ತಿ ಬಂದು ಟಾಂಗಾದ ಮುಂದಿನ ಹಲಗೆ ಹತ್ತಿ ಕೂತ. "ನಡೀರಿ ಉಸ್ತಾದ, ನಾನೂ ಬರ್ತೇನಿ."

ಚಹಾದ ಅಂಗಡಿಯವರು ಮುಖ ತಿರುಗಿಸಿದರು. ಖಾಸಿಂ ಅಲಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಹತ್ತಿರ ಬಂದು ಸಣ್ಣ ದನಿಯಲ್ಲಿ, "ಗೌಸು, ನನ್ನಿಂದ ಏನ ಕಸೂರ ಆಗ್ಯದ?" ಎಂದು ಕೇಳಿದ.

"ಏನೂ ಇಲ್ರಿ."

"ಮತ್ತ?"

ಗೌಸೋದ್ದೀನ ಪರದೆಯ ಕಡೆ ನೋಡಿದ, ಅನುಸೂಯಾ ಕೇಳುವಂತೆ ಹೇಳುವ ಮಾತಲ್ಲ ಅದು. ಮುದುಕ ಎದೆಯ ಮೇಲಿನ ಕೈ ಇಳಿಸಿದ. ಲಗಾಮನ್ನು ತಂದು ಅವನ ತೊಡೆಯ ಮೇಲಿಟ್ಟ. "ಹಂಗಾದ್ರ ನೀನ ಹೊಡಿ. ನನಗಿಂತ ನೀ ಪಕ್ಕಾ ಇದ್ದಿ" ಅಂದು, ತನ್ನದೇ ಟಾಂಗಾದ ಹಿಂದೆ ನಡೆಯಲು ನಿಂತ.

ಪರದೆಯ ಒಳಗಿನಿಂದ ಕಸ್ತೂರಿಬಾಯಿ ಮೆಲ್ಲಗೆ, "ಗೌಸು, ಅವ್ರನ್ನ ಹತ್ತಿಸ್ಕೋ. ಅವ್ರು ಬಕ್ಕಪ್ಪ ಅಲ್ಲೋ" ಅಂದಳು.

"ಗೊತ್ತದ ಯವ್ವಾ" ಅಂದ. ಗೊತ್ತಿತ್ತು. ತನ್ನಿಂದ ಬಕ್ಕಪ್ಪ ಏನು ಕಿತ್ತುಕೊಂಡಿದ್ದನೋ ಅದನ್ನೇ ತಾನು ಈ ಮುದುಕನಿಂದ ಕಿತ್ತುಕೊಂಡೆ ಅನ್ನುವುದೂ ಗೊತ್ತಿತ್ತು. ಆದರೂ ಕೆಳಗಿಳಿಯಲು ಕಾಲು ಬರಲಿಲ್ಲ. "ಬಕ್ಕಪ್ಪ ಯಾರವ್ವಾ?" ಎಂದು ಅನುಸೂಯಾ ಕೇಳಿದಳು. ಕಸ್ತೂರಿಬಾಯಿ ಕೂಸಿನ ಹೊದಿಕೆ ಸರಿಮಾಡತೊಡಗಿದಳು.

ಟಾಂಗಾ ಹೊರಟಿತು. ಕುದುರೆ ಹೆಜ್ಜೆಗೊಮ್ಮೆ ತನ್ನ ಯಜಮಾನನಿಗಾಗಿ ಕತ್ತು ಹೊರಳಿಸಿ ನಿಲ್ಲುತ್ತಿತ್ತು. ಹಿಂದಿನಿಂದ ಉಸ್ತಾದನ ಹಳೆಯ ಚಪ್ಪಲಿಯ ಸಪ್ಪಳ ಬರುತ್ತಲೇ ಇತ್ತು. ಆ ಸಪ್ಪಳ ಕೇಳಿಸಿಕೊಂಡು ಕೂರಲಾಗದೆ ಗೌಸೋದ್ದೀನ ಪಕ್ಕಕ್ಕೆ ಸಿಗಿಸಿದ್ದ ಚಾಬೂಕು ತೆಗೆದು, ಜನ್ಮದಲ್ಲಿ ಮೊದಲ ಸಲ, ಕುದುರೆಯ ಬೆನ್ನ ಮೇಲೆ ಬೀಸಿದ.